ಗೋಲು ಹೊಡೆಯುವವನನ್ನೇ ಹೊರಗೆ ಕೂರಿಸುವುದೇಕೆ?

ಪ್ರಶ್ನೆ: ನನ್ನ ಮಗ ಕಾಲೇಜು ಫುಟ್‌ಬಾಲ್ ತಂಡದ ಫಾರ್ವರ್ಡ್. ಹೆಚ್ಚು ಗೋಲು ಅವನದೇ. ಆದರೂ ಕೋಚ್ ಈಗ ಅವನನ್ನು ಬೆಂಚಿನಲ್ಲಿ ಕೂರಿಸುತ್ತಾರೆ. ಇಬ್ಬರಿಗೂ ಮಾತಿಲ್ಲ. ದೊಡ್ಡ ತಂಡಗಳಲ್ಲೂ ಹೀಗಾಗುತ್ತದೆಯೇ?
(ಓದುಗರೊಬ್ಬರು, ತುರುವೇಕೆರೆ)

ಆಗುತ್ತದೆ, ಅದೂ ಹೆಚ್ಚಾಗಿ ಫಾರ್ವರ್ಡ್‌ಗಳಿಗೇ. ನಿಮ್ಮ ಸೀಮೆಯ ತೋಟದಲ್ಲಿ ಎಷ್ಟು ಕಾಯಿ ಕೆಡವಿದರು ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಪಾತಿ ಮಾಡಿ ನೀರು ಕಟ್ಟಿದವನ ಲೆಕ್ಕ ಯಾರೂ ಇಡುವುದಿಲ್ಲ. ಪ್ರೇಕ್ಷಕರು ಗೋಲು ಎಣಿಸುತ್ತಾರೆ. ಕೋಚ್ ನೋಡುವುದು ಚೆಂಡು ಕೈತಪ್ಪಿದಾಗ ಅದೇ ಹುಡುಗ ಹಿಂದಕ್ಕೆ ಓಡಿದನೇ, ಎದುರಾಳಿಯ ಡಿಫೆಂಡರ್‌ನನ್ನು ಅಟ್ಟಿಸಿಕೊಂಡು ಹೋದನೇ ಅನ್ನುವುದನ್ನು. ಮನಸ್ತಾಪ ಹುಟ್ಟುವುದು ಈ ಎರಡು ಲೆಕ್ಕಗಳ ನಡುವೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇನ್ನೊಂದು ವಿಷಯ ತಟ್ಟನೆ ಹೊಳೆಯುವುದಿಲ್ಲ. ಅಲ್ಲಿ ಮೈದಾನದ ಯಜಮಾನ ನಾಯಕ. 2017ರ ಜೂನ್‌ನಲ್ಲಿ ನಾಯಕ ವಿರಾಟ್ ಕೊಹ್ಲಿಯೊಂದಿಗೆ ಹೊಂದಾಣಿಕೆ ಮುರಿದಾಗ ಕೋಚ್ ಹುದ್ದೆ ಬಿಟ್ಟು ಹೋದವರು ನಮ್ಮ ಅನಿಲ್ ಕುಂಬ್ಳೆ. ಫುಟ್‌ಬಾಲ್‌ನಲ್ಲಿ ತಂಡ ಆರಿಸುವವರೇ ಕೋಚ್, ಹಾಗಾಗಿ ಆಟಗಾರ ಹೊರಗೆ ಹೋಗಬೇಕಾದ ಸಂಭವವೇ ಹೆಚ್ಚು. 2022ರ ಅಕ್ಟೋಬರ್ 19ರಂದು ಬದಲಿ ಆಟಗಾರನಾಗಿ ಇಳಿಯಲು ಒಪ್ಪದ ಕ್ರಿಸ್ಟಿಯಾನೊ ರೊನಾಲ್ಡೊ ಪಂದ್ಯ ಮುಗಿಯುವ ಮೊದಲೇ ಒಳಗೆ ನಡೆದುಬಿಟ್ಟರು. ಕೋಚ್ ಎರಿಕ್ ಟೆನ್ ಹಾಗ್ ಮುಂದಿನ ಪಂದ್ಯಕ್ಕೆ ಅವರನ್ನು ಕೈಬಿಟ್ಟರು. ಟಿವಿ ಸಂದರ್ಶನದಲ್ಲಿ ರೊನಾಲ್ಡೊ ಕೋಚ್ ವಿರುದ್ಧವೇ ಮಾತಾಡಿದರು. ನವೆಂಬರ್ 22ಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆಗಿನ ಒಪ್ಪಂದವೇ ಮುಗಿಯಿತು.

ಅದೇ ಋತುವಿನಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ನಿಮ್ಮ ಮಗ ಖಂಡಿತ ತಿಳಿಯಬೇಕು. ಬೆಂಗಳೂರು ಎಫ್‌ಸಿ ತಂಡದ ಕೋಚ್ ಸೈಮನ್ ಗ್ರೇಸನ್, 38 ವರ್ಷದ ಸುನಿಲ್ ಚೆಟ್ರಿಯನ್ನು ಬೆಂಚಿಗೆ ಕಳಿಸಿ ರಾಯ್ ಕೃಷ್ಣ ಜೊತೆ ಎಳೆಯ ಹುಡುಗ ಶಿವಶಕ್ತಿಯನ್ನು ಆಡಿಸಿದರು. ಭಾರತ ತಂಡದ ನಾಯಕನಿಗೇ ಹೀಗೆ! ಮುನಿಸಿಕೊಳ್ಳಲು ಬೇಕಾದಷ್ಟು ಕಾರಣವಿತ್ತು. ತಂಡ ಮಾತ್ರ ಲೀಗ್ ಹಂತದ ಕೊನೆಯ 8 ಪಂದ್ಯಗಳನ್ನೂ ಗೆದ್ದಿತು. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಬದಲಿಯಾಗಿ ಇಳಿದ ಚೆಟ್ರಿ, ಹೆಚ್ಚುವರಿ ಅವಧಿಯಲ್ಲಿ ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಮಾಡಿದರು. ಪ್ರತಿಭಟಿಸಿ ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು. ನಾಲ್ಕೇ ದಿನಕ್ಕೆ ಮುಂಬೈಯಲ್ಲಿ ಸೆಮಿಫೈನಲ್‌ನ ಮೊದಲ ಪಂದ್ಯ. ಮತ್ತೆ ಬೆಂಚಿನಿಂದ ಎದ್ದು ಬಂದು ಗೆಲುವಿನ ಏಕೈಕ ಗೋಲು. ಫೈನಲ್‌ನಲ್ಲಿ ಶಿವಶಕ್ತಿ ಆರಂಭದಲ್ಲೇ ಗಾಯಗೊಂಡಾಗ ಗ್ರೇಸನ್ ಕರೆದದ್ದೂ ಚೆಟ್ರಿಯನ್ನೇ. ಅಂದೂ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಕಪ್ ಟೈಬ್ರೇಕರ್‌ನಲ್ಲಿ ಕೈತಪ್ಪಿತು, ಅದು ಬೇರೆ ಮಾತು. ಸಿಕ್ಕ ಅರ್ಧ ಗಂಟೆಯನ್ನು ಹಾಗೆ ಆಡಿದ ಹಿರಿಯನನ್ನು ನಾನು ತುಂಬ ಗೌರವಿಸುತ್ತೇನೆ.

ಹಾಗೆಂದು ತಪ್ಪೆಲ್ಲ ಹುಡುಗರದೇ ಅಲ್ಲ. ಕಾರಣ ಹೇಳದೆ ಕೂರಿಸುವ ಕೋಚ್ ಅನ್ಯಾಯ ಮಾಡುತ್ತಾರೆ, ಅದರಲ್ಲೂ ಹದಿನೆಂಟರ ಹುಡುಗನಿಗೆ. ನೀವು ಹೋಗಿ ಜಗಳ ಮಾಡಬೇಡಿ. ಪಂದ್ಯದ ದಿನ ಬಿಟ್ಟು ಅಭ್ಯಾಸದ ದಿನ, ಉಳಿದವರು ಬರುವ ಮೊದಲು, ಮಗನೇ ಹೋಗಿ ಕೇಳಲಿ: ‘ಸರ್, ಚೆಂಡು ನನ್ನ ಹತ್ತಿರ ಇಲ್ಲದಾಗ ನಾನೇನು ಮಾಡಬೇಕು?’