ಕಾಣದ ವಿಮಾನ, ಕಟ್ಟಿದ ಕಥೆ





ಕಳೆದ ಭಾನುವಾರದ ಓದಿನಲ್ಲಿ ಮಾಲುಂಕ್ಯಪುತ್ತನ ಪ್ರಸಂಗ ಬಂತಲ್ಲ, ಅದರ ಬಗ್ಗೆ ಒಂದು ಮಾತು ಬಾಕಿ ಉಳಿದಿತ್ತು. ವಿಷದ ಬಾಣ ನೆಟ್ಟವನು ವೈದ್ಯನ ಕೈ ತಡೆದು, ಹೊಡೆದವನು ಯಾವ ಊರಿನವನು, ಕಪ್ಪಗಿದ್ದನೋ ಬೆಳ್ಳಗಿದ್ದನೋ, ಬಿಲ್ಲಿನ ಹೆದೆ ಯಾವ ನಾರಿನದು ಎಂದು ಕೇಳುತ್ತಾ ಕೂತರೆ ಉತ್ತರ ಸಿಗುವ ಮೊದಲೇ ಸಾಯುತ್ತಾನೆ. "ಹಾಗಾದರೆ ಪ್ರಶ್ನೆ ಕೇಳುವುದೇ ತಪ್ಪಾ ಸಾರ್?" ಎಂದು ಒಬ್ಬರು ಕೇಳಿದರು. ಹೊತ್ತಾಗಿತ್ತು, ಎದ್ದುಬಿಟ್ಟೆವು. ಇವತ್ತು ನನ್ನದೇ ಒಂದು ತಪ್ಪನ್ನು ಮುಂದಿಟ್ಟುಕೊಂಡು ಉತ್ತರಿಸಲು ನೋಡುತ್ತೇನೆ.

ಮಲೇಷ್ಯಾದ ಎಂಎಚ್ 370 ವಿಮಾನ ನಿಮಗೆಲ್ಲ ನೆನಪಿರಬೇಕು. 2014ರ ಮಾರ್ಚ್ 8, ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆಯ ಹೊತ್ತಿಗೆ ಕ್ವಾಲಾಲಂಪುರದಿಂದ ಬೀಜಿಂಗಿಗೆ ಹೊರಟಿತು. ಬೋಯಿಂಗ್ 777, ಒಳಗೆ 239 ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನೀಯರು, 5 ಜನ ಭಾರತೀಯರು. 1 ಗಂಟೆ 19 ನಿಮಿಷಕ್ಕೆ ಕಾಕ್‌ಪಿಟ್‌ನಿಂದ ಶುಭರಾತ್ರಿ ಹೇಳಿದ ಧ್ವನಿಯೇ ಕೊನೆ. ಎರಡು ನಿಮಿಷದಲ್ಲಿ ವಿಮಾನ ನಾಗರಿಕ ರೇಡಾರಿನ ಪರದೆಯಿಂದ ಹೋಯಿತು. ಆಮೇಲೆ ಸೇನೆಯ ರೇಡಾರ್ ದಾಖಲೆ ನೋಡಿದರೆ ಅದು ಹಿಂದಕ್ಕೆ ತಿರುಗಿ, ಮಲೇಷ್ಯಾವನ್ನು ಅಡ್ಡ ಹಾಯ್ದು, ಮಲಕ್ಕಾ ಜಲಸಂಧಿಯ ಮೇಲೆ ಹೋಗಿತ್ತು.

ಕುರುಹೇ ಇಲ್ಲದೆ ಮಾಯವಾಯಿತು ಎನ್ನುತ್ತಾರೆ. ಅದು ಪೂರ್ತಿ ಸರಿಯಲ್ಲ. ಬೆಳಗಿನ 8 ಗಂಟೆ 19 ನಿಮಿಷದವರೆಗೂ ಹೆಚ್ಚುಕಡಿಮೆ ಗಂಟೆಗೊಮ್ಮೆ ಅದು ಒಂದು ಉಪಗ್ರಹದೊಂದಿಗೆ ಸಂಕೇತ ವಿನಿಮಯ ಮಾಡಿಕೊಂಡಿತ್ತು. ಆ ಸಂಕೇತ ತಲುಪಲು ಹಿಡಿದ ಸಮಯ ಮತ್ತು ಅದರ ತರಂಗದ ಏರುಪೇರು ಇಷ್ಟರಿಂದಲೇ ಲೆಕ್ಕ ಹಾಕಿ, ಆಸ್ಟ್ರೇಲಿಯಾದ ಪಶ್ಚಿಮಕ್ಕಿರುವ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಅದು ಬಿದ್ದಿರಬೇಕು ಎಂದರು. 2015ರ ಜುಲೈನಲ್ಲಿ ರೆಕ್ಕೆಯ ಹಿಂಬದಿಯ ಒಂದು ಭಾಗ ರಿಯೂನಿಯನ್ ದ್ವೀಪದ ದಡಕ್ಕೆ ಬಂತು. ಸಮುದ್ರದ ತಳವನ್ನು 1,20,000 ಚದರ ಕಿಲೋಮೀಟರ್ ಜಾಲಾಡಿ 2017ರ ಜನವರಿಯಲ್ಲಿ ನಿಲ್ಲಿಸಿದರು. 2018ರಲ್ಲಿ ಮತ್ತೆ ಹುಡುಕಿದರು, 2025ರಲ್ಲಿ ಇನ್ನೊಮ್ಮೆ ಕೈಹಾಕಿದರು. 2018ರ ಜುಲೈನ ತನಿಖಾ ವರದಿ, ವಿಮಾನವನ್ನು ತಿರುಗಿಸಿದ್ದು ಯಂತ್ರವಲ್ಲ, ಮನುಷ್ಯನ ಕೈ ಇರಬೇಕು ಎಂದಿತು. ಯಾರ ಕೈ, ಯಾಕೆ ಎಂಬುದನ್ನು ನಿರ್ಧರಿಸಲಾಗದು ಎಂದೂ ಬರೆಯಿತು.

ಈಗ ನನ್ನ ಕಥೆ. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಯವರೆಗೂ ಮೊಬೈಲಿನಲ್ಲಿ ಇದನ್ನೇ ನೋಡುತ್ತಿದ್ದೆ. ಕದ್ದ ಪಾಸ್‌ಪೋರ್ಟಿನಲ್ಲಿ ಇಬ್ಬರು ಹತ್ತಿದ್ದಾರೆ ಎಂದ ಕೂಡಲೇ ಭಯೋತ್ಪಾದಕರು ಎಂದುಕೊಂಡೆ. ಅವರು ಯುರೋಪಿನಲ್ಲಿ ಆಶ್ರಯ ಹುಡುಕಿ ಹೊರಟಿದ್ದ ಇರಾನಿನ ಹುಡುಗರು ಎಂದು ಗೊತ್ತಾದಾಗ ನಾಚಿಕೆಯಾಯಿತೇ? ಇಲ್ಲ, ಮುಂದಿನ ಕಥೆಗೆ ಹಾರಿದೆ. ಡಿಯೆಗೊ ಗಾರ್ಸಿಯಾ ದ್ವೀಪದಲ್ಲಿ ಅಮೆರಿಕದವರು ಇಳಿಸಿಕೊಂಡರು ಎಂಬುದನ್ನು ಒಂದು ತಿಂಗಳು ನಂಬಿದ್ದೆ. ಸರಕಿನಲ್ಲಿದ್ದ ಲಿಥಿಯಂ ಬ್ಯಾಟರಿ ಹೊತ್ತಿಕೊಂಡಿತು ಎಂಬುದನ್ನು ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ. ಕೊನೆಗೆ 2016ರಲ್ಲಿ ಕ್ಯಾಪ್ಟನ್‌ಗೆ ಬಂದು ನಿಂತೆ. ಅವರ ಮನೆಯ ಸಿಮ್ಯುಲೇಟರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಕಡೆಯ ಬಿಂದುಗಳು ಸಿಕ್ಕಿದ್ದು ನಿಜ. ಅವರ ಸಂಸಾರ, ಸಿಟ್ಟು, ರಾಜಕೀಯ ಅಂತ ಉಳಿದದ್ದನ್ನೆಲ್ಲ ಹೊಲಿದು ಜೋಡಿಸಿದವನು ನಾನು, ನನ್ನಂಥವರು. "ಇದೇ ಸತ್ಯ, ತಪ್ಪದೆ ಓದಿ" ಎಂದು ಸಂಬಂಧಿಕರ ಗ್ರೂಪಿಗೆ ಹಾಕಿದೆ.

ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದರು.

"ಆ ಪೈಲಟ್‌ಗೆ ಹೆಂಡ್ತಿ ಮಕ್ಕಳು ಅವರೇನಪ್ಪಾ?"

"ಇದಾರೆ ಅತ್ತಿಗೆ."

"ಅವ್ರೂ ಇದ್ನ ಓದ್ತಾರಲ್ವಾ?"

ಅತ್ತಿಗೆಯ ತಮ್ಮ 1998ರಲ್ಲಿ ಕೊಳ್ಳೇಗಾಲದ ಕಡೆಯ ಹಳ್ಳಿಯಿಂದ ತಿರುಪ್ಪೂರಿಗೆ ಬನಿಯನ್ ಕಂಪನಿ ಕೆಲಸಕ್ಕೆ ಎಂದು ಹೊರಟವನು, ಅಲ್ಲಿಗೆ ತಲುಪಲೇ ಇಲ್ಲ. ಸಾಲ ಮಾಡಿ ಓಡಿಹೋದ, ಯಾರನ್ನೋ ಕಟ್ಟಿಕೊಂಡು ಹೋದ, ಹೊಡೆದಾಟದಲ್ಲಿ ಸತ್ತ ಎಂದು ಊರು ಮಾತಾಡಿತು. "ಅವ್ನು ಹೋದದ್ದಕ್ಕಿಂತ ಈ ಮಾತಿಗೇ ನಮ್ಮವ್ವ ಹೆಚ್ಚು ಅತ್ತದ್ದು" ಎಂದರು ಅತ್ತಿಗೆ. ಸಾಲದ ಕಥೆಯನ್ನು ಟೀ ಅಂಗಡಿಯಲ್ಲಿ ಮೊದಲು ಆಡಿದವನು ನಾನು. ನನ್ನ ಹತ್ತಿರ ಇದ್ದ ಸಾಕ್ಷಿ ಒಂದೇ, ಅವನು ನನಗೆ 200 ರೂಪಾಯಿ ಕೊಡಬೇಕಿತ್ತು.

ಮಧುಪಿಂಡಿಕ ಸುತ್ತದಲ್ಲಿ ಮಹಾಕಚ್ಚಾನರು ಬಿಡಿಸಿ ಹೇಳುವ ಸರಪಳಿ ಇಲ್ಲಿ ಕೆಲಸ ಮಾಡಿದೆ. ಸ್ಪರ್ಶದಿಂದ ವೇದನೆ, ವೇದನೆಯಿಂದ ಗುರುತು ಹಿಡಿಯುವಿಕೆ, ಅದರಿಂದ ಆಲೋಚನೆ, ಆಲೋಚನೆಯಿಂದ ಪಪಂಚ, ಅಂದರೆ ಮನಸ್ಸು ತನ್ನಷ್ಟಕ್ಕೆ ಹಬ್ಬಿಸಿಕೊಳ್ಳುವ ಬಳ್ಳಿ. ಆದರೆ ಗಮನಿಸಿ, ನನಗೆ ವಿಮಾನ ಕಣ್ಣಿಗೆ ಬಿದ್ದಿರಲಿಲ್ಲ. ಕಾಣದಿರುವುದೇ ಸ್ಪರ್ಶ. "ಗೊತ್ತಿಲ್ಲ" ಎಂಬುದು ಮೈಗೆ ತಾಗುವ ಒಂದು ನೋವು. ಎದೆಯ ಹತ್ತಿರ ಸಣ್ಣ ಕುತ್ತು, ಕೈ ಮೊಬೈಲಿನ ಕಡೆ ಹೋಗುತ್ತದೆ. ಕಥೆ ಆ ನೋವಿಗೆ ಗುಳಿಗೆ. ಗುಳಿಗೆಯ ಬೆಲೆ ಕೊಡುವವರು ಮಾತ್ರ ಬೇರೆ, ಆ ಹೆಂಡತಿ ಮಕ್ಕಳು.

ಇನ್ನು ಭಾನುವಾರದ ಪ್ರಶ್ನೆ. ಬಾಣದ ಕಥೆ ಹೇಳಿ, ಸತ್ತವರು ಸತ್ತರು, ಪ್ರಶ್ನೆ ಬಿಡಿ ಎಂದು ಆ ಕುಟುಂಬಗಳಿಗೆ ಹೇಳಬಹುದೇ? ನನ್ನ ಮಟ್ಟಿಗೆ ಅದು ಸುತ್ತವನ್ನು ಬಾಯಿ ಮುಚ್ಚಿಸಲು ಬಳಸಿದ ಹಾಗೆ. ಮಾರ್ಚ್ 24ರಂದು ಯಾರೂ ಬದುಕುಳಿದಿಲ್ಲ ಎಂಬ ಸುದ್ದಿ ಕೆಲವರಿಗೆ ಬಂದದ್ದು ಮೊಬೈಲಿನ ಒಂದು ಸಂದೇಶವಾಗಿ. ದೇಹವಿಲ್ಲ, ಸ್ಥಳವಿಲ್ಲ. ವಾರ್ಷಿಕ ದಿನ ಬೀಜಿಂಗಿನ ಲಾಮಾ ದೇಗುಲಕ್ಕೆ ಹೋಗಿ ಧೂಪ ಹಚ್ಚಿದವರಿದ್ದಾರೆ. ಅವರು ಕೇಳುವುದು ಲೋಕ ಶಾಶ್ವತವೋ ಅಶಾಶ್ವತವೋ ಎಂದಲ್ಲ. ಬಾಣ ಎಲ್ಲಿ ನೆಟ್ಟಿದೆ ಎಂದು ತೋರಿಸಿ ಎನ್ನುತ್ತಿದ್ದಾರೆ. ಅದು ವೈದ್ಯನಿಗೇ ಬೇಕಾದ ಪ್ರಶ್ನೆ.

2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಸಾಗರದಲ್ಲಿ ಬಿತ್ತು, 228 ಜನ. ಸಿಡಿಲು, ಬಾಂಬು ಎಂದು ಆಗಲೂ ಕಥೆಗಳೇ. ಎರಡು ವರ್ಷದ ಮೇಲೆ, 2011ರ ಮೇ ತಿಂಗಳಲ್ಲಿ, ಸುಮಾರು 3,900 ಮೀಟರ್ ಆಳದಿಂದ ಬ್ಲ್ಯಾಕ್ ಬಾಕ್ಸ್ ಎತ್ತಿದರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜು ಕಟ್ಟಿತ್ತು, ಅಂಕಿಗಳು ತಪ್ಪಿದವು, ಆಟೋಪೈಲಟ್ ಬಿಟ್ಟುಕೊಂಡಿತು, ಗಲಿಬಿಲಿಯಲ್ಲಿ ಮೂತಿ ಮೇಲೆತ್ತಿದರು, ರೆಕ್ಕೆಗಳು ಎತ್ತುವ ಬಲ ಕಳೆದುಕೊಂಡವು. ಒಬ್ಬ ಖಳನಾಯಕನಿಲ್ಲ. ಹೇತು, ಪ್ರತ್ಯಯಗಳು ಒಂದರ ಮೇಲೊಂದು ಬಂದು ಕೂತಿವೆ. ಪಟಿಚ್ಚಸಮುಪ್ಪಾದ ಓದುವವರಿಗೆ ಇದು ಹೊಸದಲ್ಲ. ಎಂಎಚ್ 370ರ ಕಾರಣ ಸಿಗದಿದ್ದರೂ ಹುಡುಕಾಟ ವ್ಯರ್ಥವಾಗಲಿಲ್ಲ. ಸಾಗರದ ಮೇಲಿನ ವಿಮಾನದ ಸ್ಥಾನ ಈಗ 15 ನಿಮಿಷಕ್ಕೊಮ್ಮೆ ತಿಳಿಯಬೇಕೆಂಬ ನಿಯಮ ಬಂದಿದೆ, ನೀರಿನಡಿಯಲ್ಲಿ ಸದ್ದು ಮಾಡುವ ಬೀಕನ್ 30ರ ಬದಲು 90 ದಿನ ಬಾಳಬೇಕು.

ಚಂಕಿ ಸುತ್ತದಲ್ಲಿ ಸಚ್ಚಾನುರಕ್ಖಣ ಎಂಬ ಮಾತಿದೆ, ಸತ್ಯವನ್ನು ಕಾಯುವುದು. ನನ್ನ ನಂಬಿಕೆ ಹೀಗಿದೆ ಎಂದರೆ ಸತ್ಯ ಕಾದಂತೆ. ಇದೊಂದೇ ನಿಜ, ಬೇರೆಲ್ಲ ಸುಳ್ಳು ಎಂದ ಕೂಡಲೇ ಕಾವಲು ತಪ್ಪಿತು. ನಿರ್ಧರಿಸಲಾಗದು ಎಂದ ಆ ವರದಿಯನ್ನು ಪತ್ರಿಕೆಗಳು ಸಾಕಷ್ಟು ಬೈದವು, ನಾನೂ ಬೈದೆ. ನಾಲ್ಕು ವರ್ಷ ದುಡಿದು ಹಾಗೆ ಬರೆಯಲು ಎಷ್ಟು ಧೈರ್ಯ ಬೇಕು ಎಂದು ಈಗ ಅನ್ನಿಸುತ್ತದೆ. ಕ್ಯಾಪ್ಟನ್‌ನ ನಡವಳಿಕೆಯಲ್ಲಿ ಬದಲಾವಣೆಯ ಸುಳಿವು ಸಿಗಲಿಲ್ಲ ಎಂದೂ ಅದರಲ್ಲೇ ಇದೆ. ಅದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ಕಾಣೆ.

ನಿಮಗೇನನ್ನಿಸುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ವಿಮಾನ ದಕ್ಷಿಣ ಸಾಗರದಲ್ಲಿದೆ ಎಂದು ನನ್ನ ನಂಬಿಕೆ, ಒಂದು ಕೈ ಅದನ್ನು ತಿರುಗಿಸಿತು ಎಂದೂ. ಇದರ ಮುಂದಿನ ವಾಕ್ಯಕ್ಕೆ ಈಗಲೂ ಬೆರಳು ತುರಿಸುತ್ತಿದೆ. ಅಲ್ಲಿಗೆ ಫೋನ್ ಬೋರಲು ಹಾಕಿ ಐದು ಉಸಿರು ನೋಡುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಇದನ್ನು ಗ್ರೂಪಿಗೆ ಹಾಕುವ ಮೊದಲು ನಿನ್ನೆ ಸಂಜೆ ಅತ್ತಿಗೆಯ ಮನೆಗೆ ಹೋಗಿ 200 ರೂಪಾಯಿಯ ವಿಷಯ ಹೇಳಿದೆ. "ಗೊತ್ತಿತ್ತು ಕಣಪ್ಪಾ" ಎಂದರು. ಬರೆದುಕೋ ಎಂದರು. ತಮ್ಮನ ಫೋಟೊ ಇನ್ನೂ ಗೋಡೆಯಲ್ಲೇ ಇದೆ, ಅದಕ್ಕೆ ಹಾರ ಹಾಕಿಲ್ಲ.

ನಾಳೆ ಮಧುಪಿಂಡಿಕ ಸುತ್ತ ಮುಂದುವರಿಯುತ್ತದೆ. ಭವತು ಸಬ್ಬ ಮಂಗಲಂ.