ಸಂಘದ ಉಳಿಕೆಯೂ ಸದಸ್ಯನ ಹಕ್ಕೂ: ಎಲೆನ್‌ಬ್ರೂಕ್‌ನ ಕನ್ನಡಿಗರಿಗೆ ಕೆಲವು ಕಾನೂನು ವಿಚಾರಗಳು

ಪರ್ತ್ ನಗರದ ಈಶಾನ್ಯದಲ್ಲಿ, ಸ್ವಾನ್ ಕಣಿವೆಯ ದ್ರಾಕ್ಷಿ ತೋಟಗಳ ಮಗ್ಗುಲಿಗೆ, ಕಳೆದ ಶತಮಾನದ ಕೊನೆಯ ದಶಕದಲ್ಲಿ ತಲೆಯೆತ್ತಿ 2024ರ ಡಿಸೆಂಬರಿನಲ್ಲಷ್ಟೇ ರೈಲನ್ನು ಕಂಡ ಎಲೆನ್‌ಬ್ರೂಕ್‌ನಂತಹ ಹೊಸ ಬಡಾವಣೆಯಲ್ಲಿ ನಾಲ್ಕಾರು ಕನ್ನಡ ಕುಟುಂಬಗಳು ಕಲೆತು, ಯುಗಾದಿಗೆಂದೋ ರಾಜ್ಯೋತ್ಸವಕ್ಕೆಂದೋ ಮಕ್ಕಳ ಕನ್ನಡ ಪಾಠಕ್ಕೆಂದೋ ವಂತಿಗೆ ಎತ್ತಿ, ಆ ಹಣವನ್ನು ವಿಶ್ವಾಸಪಾತ್ರರೊಬ್ಬರ ಬ್ಯಾಂಕ್ ಖಾತೆಯಲ್ಲಿ ಇರಿಸಿದರೆ, ಅವರು ತಮ್ಮ ಪಾಲಿಗೆ ಒಂದು ಸಂಘವನ್ನು ಸ್ಥಾಪಿಸಿದಂತೆಯೇ ಭಾವಿಸುವುದು ಸಹಜ. ಆದರೆ ನೋಂದಣಿಯಾಗದ ಇಂತಹ ಕೂಟಕ್ಕೆ ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರವಾದ ಅಸ್ತಿತ್ವವೇ ಇಲ್ಲ. ಸಭಾಭವನದ ಬಾಡಿಗೆಯ ಕರಾರಿಗೆ ರುಜು ಹಾಕಿದವರು ಸಂಘದ ಪರವಾಗಿ ಹಾಕಿದೆವೆಂದು ಎಷ್ಟೇ ಹೇಳಿಕೊಂಡರೂ, ಬಾಕಿ ಉಳಿದಾಗ ಭವನದವರು ಬಂದು ನಿಲ್ಲುವುದು ಆ ವ್ಯಕ್ತಿಗಳ ಮನೆಯ ಬಾಗಿಲಲ್ಲಿಯೇ.

ಈ ಅಪಾಯದ ನಿವಾರಣೆಗೆಂದೇ ಪಶ್ಚಿಮ ಆಸ್ಟ್ರೇಲಿಯದಲ್ಲಿ 2015ರ ಸಂಘಗಳ ನೋಂದಣಿ ಅಧಿನಿಯಮವಿದೆ. ಅದು 2016ರ ಜುಲೈ 1ರಿಂದ ಜಾರಿಯಲ್ಲಿದೆ. ಮತದಾನದ ಹಕ್ಕುಳ್ಳ ಸದಸ್ಯರು ಐವರಿಗಿಂತ ಹೆಚ್ಚು, ಎಂದರೆ ಕನಿಷ್ಠ ಆರು ಮಂದಿ, ಇದ್ದರೆ ಗ್ರಾಹಕ ರಕ್ಷಣಾ ಆಯುಕ್ತರಿಗೆ ಅರ್ಜಿ ಸಲ್ಲಿಸಬಹುದು. ನಿಯಮಾವಳಿಯನ್ನು ತಾವೇ ರಚಿಸುವ ಸಾಮರ್ಥ್ಯವಿಲ್ಲದವರು ಸರ್ಕಾರವು ಸಿದ್ಧಪಡಿಸಿರುವ ಮಾದರಿ ನಿಯಮಗಳನ್ನು ಅಂಗೀಕರಿಸಿದರೆ ಸಾಕು; ವಾಸ್ತವವಾಗಿ, ಸಾಮರ್ಥ್ಯವಿದ್ದವರೂ ಹಾಗೆಯೇ ಮಾಡುವುದು ಕ್ಷೇಮ. ನೋಂದಣಿಯಾದ ಕ್ಷಣದಿಂದ ಸಂಘವು ತನ್ನದೇ ಹೆಸರಿನಲ್ಲಿ ಆಸ್ತಿ ಹೊಂದಬಲ್ಲದು, ದಾವೆ ಹೂಡಬಲ್ಲದು. ಸದಸ್ಯರಾಗಿರುವ ಮಾತ್ರಕ್ಕೆ ಅದರ ಸಾಲ ಯಾರ ತಲೆಯ ಮೇಲೂ ಬೀಳದು.

ಇಲ್ಲಿ ನಮ್ಮವರಲ್ಲಿ ಬೇರೂರಿರುವ ಒಂದು ತಪ್ಪು ಗ್ರಹಿಕೆಯನ್ನು ಕಿತ್ತುಹಾಕುವುದು ಅವಶ್ಯಕ. ಲಾಭದ ಉದ್ದೇಶವಿಲ್ಲದ ಸಂಘವು ವರ್ಷಾಂತ್ಯದಲ್ಲಿ ಒಂದು ಡಾಲರನ್ನೂ ಉಳಿಸಿಕೊಳ್ಳಬಾರದೆಂದು ಹಲವರು ನಂಬಿರುತ್ತಾರೆ. ಆ ಭಯದಿಂದ ದೀಪಾಲಂಕಾರಕ್ಕೆ ಬೇಡದ ಖರ್ಚು ಮಾಡುವುದೂ ಉಂಟು. ಕಾನೂನು ನಿಷೇಧಿಸುವುದು ಉಳಿತಾಯವನ್ನಲ್ಲ, ಉಳಿದುದನ್ನು ಸದಸ್ಯರು ಹಂಚಿಕೊಳ್ಳುವುದನ್ನು. ಊಟದ ಮಳಿಗೆಯಿಂದಲೋ ನಾಟಕದ ಟಿಕೆಟಿನಿಂದಲೋ ಬಂದ ಹೆಚ್ಚುವರಿಯನ್ನು ಮುಂದಿನ ವರ್ಷದ ಪಾಠಶಾಲೆಗೆ ಮೀಸಲಿಡುವುದು ಅನುಮತಿಸಲ್ಪಟ್ಟದ್ದು ಮಾತ್ರವಲ್ಲ, ವಿವೇಕವುಳ್ಳ ಕಾರ್ಯಕಾರಿ ಸಮಿತಿಯ ಕರ್ತವ್ಯವೂ ಹೌದು. ಸದಸ್ಯರಾಗಿರುವ ಅಧ್ಯಾಪಕಿಯೊಬ್ಬರಿಗೆ ಅವರು ಸಲ್ಲಿಸಿದ ಸೇವೆಗಾಗಿ ಯುಕ್ತವಾದ ಸಂಭಾವನೆ ಕೊಡುವುದರಿಂದ ಸಂಘದ ಸ್ವರೂಪಕ್ಕೆ ಚ್ಯುತಿ ಬಾರದು. ಆದರೆ ಅದೇ ಅಧ್ಯಾಪಕಿ ಸಮಿತಿಯಲ್ಲಿಯೂ ಇದ್ದ ಪಕ್ಷದಲ್ಲಿ, ಆ ವಿಷಯದಲ್ಲಿ ತಮಗಿರುವ ಸ್ವಾರ್ಥವನ್ನು ಸಭೆಗೆ ತಿಳಿಸಿ ಚರ್ಚೆಯಿಂದಲೂ ಮತದಾನದಿಂದಲೂ ದೂರವಿರತಕ್ಕದ್ದು.

ಹಂಚಿಕೆಯ ಹಕ್ಕಿಲ್ಲದ ಸದಸ್ಯನಿಗೆ ಉಳಿದಿರುವುದು ತಿಳಿಯುವ ಹಾಗೂ ಮತ ನೀಡುವ ಹಕ್ಕುಗಳು. ಇವನ್ನು ಸಣ್ಣವೆಂದು ತಳ್ಳಿಹಾಕಲಾಗದು. ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ಸೇರಲೇಬೇಕು, ಅಲ್ಲಿ ಆಯವ್ಯಯದ ವರದಿಯನ್ನು ಮಂಡಿಸಲೇಬೇಕು. ಚಿಕ್ಕ ಸಂಘಗಳಿಗೆ ಲೆಕ್ಕಪರಿಶೋಧನೆ ಸಾಮಾನ್ಯವಾಗಿ ಕಡ್ಡಾಯವಲ್ಲದಿದ್ದರೂ, ಮಹಾಸಭೆಯಲ್ಲಿ ಬಹುಮತದ ನಿರ್ಣಯವಾದರೆ ಅದನ್ನು ಮಾಡಿಸಬೇಕಾಗುತ್ತದೆ. ಲೆಕ್ಕದ ದಾಖಲೆಗಳನ್ನು ಕನಿಷ್ಠ ಏಳು ವರ್ಷ ಕಾಪಾಡಬೇಕು. ನಿಯಮಾವಳಿಯನ್ನೂ ಸದಸ್ಯರ ಪಟ್ಟಿಯನ್ನೂ ನೋಡಲು ಕೇಳುವ ಸದಸ್ಯನನ್ನು “ನಿಮಗೆ ನಮ್ಮ ಮೇಲೆ ನಂಬಿಕೆಯಿಲ್ಲವೇ?” ಎಂಬ ಪ್ರಶ್ನೆಯಿಂದ ಹಿಂದಕ್ಕೆ ಕಳಿಸುವ ಪದಾಧಿಕಾರಿಗಳು, ತಾವು ಸೌಜನ್ಯಕ್ಕೆ ಮಾತ್ರವಲ್ಲ, ಕಾನೂನಿಗೂ ವಿರುದ್ಧವಾಗಿ ನಡೆಯುತ್ತಿರುವೆವೆಂಬುದನ್ನು ಅರಿಯುವುದು ಒಳ್ಳೆಯದು. ನಿಯಮಗಳ ತಿದ್ದುಪಡಿಗೆ ಮತ ಚಲಾಯಿಸಿದವರಲ್ಲಿ ನಾಲ್ಕನೆಯ ಮೂರು ಪಾಲಿನವರ ಒಪ್ಪಿಗೆ ಬೇಕು. ಅನಂತರ ಇಪ್ಪತ್ತೆಂಟು ದಿನಗಳೊಳಗೆ ಅದನ್ನು ಆಯುಕ್ತರಿಗೆ ಸಲ್ಲಿಸಬೇಕು. ವ್ಯಾಜ್ಯ ಹುಟ್ಟಿದರೆ ಮೊದಲು ನಿಯಮಾವಳಿಯೊಳಗಿನ ಪರಿಹಾರ ಕ್ರಮವನ್ನು ಅನುಸರಿಸಿ, ಫಲ ಸಿಗದಿದ್ದಾಗ ರಾಜ್ಯ ಆಡಳಿತ ನ್ಯಾಯಮಂಡಳಿಯ ಮೊರೆ ಹೋಗಬಹುದು.

ಉತ್ಸವಗಳ ಮಾತು ಹಾಗಿರಲಿ. ಕುಟುಂಬಗಳು ಸೇರಿ ಸೋನಾ ಮಸೂರಿ ಅಕ್ಕಿಯನ್ನೂ ದಿನಸಿಯನ್ನೂ ಸಗಟಾಗಿ ಕೊಂಡು ಮಿಕ್ಕ ಹಣದಲ್ಲಿ ತಮಗೂ ಪಾಲು ಬರಲೆಂದು ಬಯಸಿದರೆ, ಸಂಘದ ನೋಂದಣಿ ಅದಕ್ಕೆ ಒಗ್ಗದು. ಅಲ್ಲಿ ಬೇಕಾದದ್ದು 2009ರ ಸಹಕಾರ ಸಂಘಗಳ ಅಧಿನಿಯಮ. ಎಷ್ಟು ಷೇರು ಕೊಂಡರೂ ಒಬ್ಬರಿಗೆ ಒಂದೇ ಮತ; ಸಂಸ್ಥೆಯೊಡನೆ ವ್ಯವಹರಿಸದೆ ನಿಷ್ಕ್ರಿಯನಾಗಿ ಕುಳಿತವನ ಸದಸ್ಯತ್ವವೇ ಕಾಲಾಂತರದಲ್ಲಿ ರದ್ದಾಗುವುದು; ಹೆಚ್ಚುವರಿಯನ್ನು ಹಂಚುವ ಬಗೆಯ ಸಹಕಾರಿಯನ್ನೂ ಹಂಚದ ಬಗೆಯದನ್ನೂ ಕಾನೂನು ಬೇರೆಬೇರೆಯಾಗಿ ಗುರುತಿಸುತ್ತದೆ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದ ನಾಡಿನವರಿಗೆ ಈ ತತ್ತ್ವ ಹೊಸದೇನಲ್ಲ. ಪಶ್ಚಿಮ ಆಸ್ಟ್ರೇಲಿಯದಲ್ಲಿಯೂ ಎರಡು ದೃಷ್ಟಾಂತಗಳು ಎದುರುಬದುರಾಗಿ ನಿಂತಿವೆ. 1933ರಲ್ಲಿ ಹುಟ್ಟಿದ ಧಾನ್ಯ ಬೆಳೆಗಾರರ ಸಿ.ಬಿ.ಎಚ್. ಇಂದಿಗೂ ಹಂಚದ ಬಗೆಯ ಸಹಕಾರಿಯಾಗಿಯೇ ಉಳಿದು, ಗಳಿಸಿದುದನ್ನು ಉಗ್ರಾಣಗಳಿಗೂ ರೈತರ ಶುಲ್ಕದ ರಿಯಾಯಿತಿಗೂ ವಿನಿಯೋಗಿಸುತ್ತದೆ. 1914ರಲ್ಲಿ ರೈತರ ಸಹಕಾರಿಯಾಗಿ ಆರಂಭವಾದ ವೆಸ್‌ಫಾರ್ಮರ್ಸ್ 1984ರಲ್ಲಿ ಷೇರುಪೇಟೆಗೆ ಹೋಗಿ, ಇಂದು ಬನಿಂಗ್ಸ್ ಮಳಿಗೆಗಳ ಒಡೆತನದ ಮಹಾಕಂಪನಿಯಾಗಿದೆ. ಎರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ನಾನು ಇಳಿಯಲಾರೆ. ಇಂತಹ ದಾರಿಗಳು ಕವಲೊಡೆಯುವುದು ಸದಸ್ಯರ ಮತದಿಂದಲೇ ಎಂಬುದು ಮಾತ್ರ ನೆನಪಿನಲ್ಲಿರಲಿ.

ತೆರಿಗೆಯ ವಿಷಯ ಸಂಕ್ಷೇಪವಾಗಿ. ದತ್ತಿ ಸಂಸ್ಥೆಯೆಂದು ನೋಂದಾಯಿಸಿಕೊಳ್ಳದ, ಆದರೆ ಎ.ಬಿ.ಎನ್. ಸಂಖ್ಯೆ ಪಡೆದು ಆದಾಯ ತೆರಿಗೆಯ ವಿನಾಯಿತಿಯನ್ನು ತಾನೇ ನಿರ್ಣಯಿಸಿಕೊಳ್ಳುವ ಸಂಘವು 2023–24ರಿಂದೀಚೆಗೆ ಪ್ರತಿವರ್ಷ ತೆರಿಗೆ ಕಚೇರಿಗೆ ಸ್ವಯಂ ಪರಿಶೀಲನೆಯ ವಿವರವನ್ನು ಸಲ್ಲಿಸಬೇಕು. ಜಿ.ಎಸ್.ಟಿ. ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 1,50,000 ಡಾಲರ್ ಮುಟ್ಟಿದಾಗ. ದಾನಿಗಳಿಗೆ ತೆರಿಗೆ ಕಡಿತ ದೊರೆಯಬೇಕಾದರೆ ಬೇರೆಯದೇ ಮಾನ್ಯತೆ ಬೇಕು. ಅದಿಲ್ಲದೆ ರಸೀದಿಯ ಮೇಲೆ ಹಾಗೆಂದು ಮುದ್ರಿಸುವುದು ಅಪಾಯಕರ.

ಉದ್ಯೋಗ ನಿಮಿತ್ತ ಬ್ರಿಸ್ಬೇನಿಗೋ ಅಡಿಲೇಡಿಗೋ ಹೋಗಿ ನೆಲೆಸುವವರು ಅಲ್ಲಿನ ಕಾನೂನು ಪ್ರತ್ಯೇಕವೆಂದು ತಿಳಿದಿರಬೇಕು: ಕ್ವೀನ್ಸ್‌ಲ್ಯಾಂಡಿನಲ್ಲಿ 1981ರ ಅಧಿನಿಯಮದಂತೆ ಕನಿಷ್ಠ ಏಳು ಸದಸ್ಯರು ಬೇಕು, ದಕ್ಷಿಣ ಆಸ್ಟ್ರೇಲಿಯದಲ್ಲಿ 1985ರ ಅಧಿನಿಯಮ ಅನ್ವಯಿಸುತ್ತದೆ. ಹೊರಡುವ ಮುನ್ನ, ವರ್ಷಗಟ್ಟಲೆ ವಂತಿಗೆ ಕೊಟ್ಟ ನೆಪದಲ್ಲಿ ಎಲೆನ್‌ಬ್ರೂಕ್‌ನ ಸಂಘದ ನಿಧಿಯಲ್ಲಿ ತಮ್ಮ ಪಾಲನ್ನು ಕೇಳಲು ಬಾರದು. ಸಂಘವೇ ವಿಸರ್ಜನೆಯಾದರೂ ಸಾಲ ತೀರಿ ಉಳಿದ ಆಸ್ತಿ ಸದಸ್ಯರಿಗೆ ಬರುವುದಿಲ್ಲ, ನಿಯಮಾವಳಿ ಸೂಚಿಸುವಂತೆ ಅಂತಹುದೇ ಇನ್ನೊಂದು ಲಾಭರಹಿತ ಸಂಸ್ಥೆಗೋ ದತ್ತಿಗೋ ಸೇರುತ್ತದೆ.