ಎರಡು ಪರದೆ, ಒಂದೇ ಅಕ್ಷರ: ಲಿನಕ್ಸ್ ಗಣಕಯಂತ್ರಗಳಲ್ಲಿ ಪ್ರದರ್ಶನ ಪ್ರಮಾಣದ ಹೊಂದಾಣಿಕೆ

ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಗೋಡೆಯ ಟಿ.ವಿ. ಪರದೆಯ ಮೇಲೆ ತೋರಿಸಿದರೆ, ಪಟ್ಟಿಯನ್ನು ಪ್ರದರ್ಶಿಸಲಾಯಿತು ಎಂದು ನಡವಳಿಯಲ್ಲಿ ದಾಖಲಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಅದನ್ನು ಓದಲು ಸಾಧ್ಯವಾಯಿತೇ ಎಂಬುದು ದಾಖಲಾಗುವುದಿಲ್ಲ. ಲಿನಕ್ಸ್ ಅಳವಡಿಸಿದ ಕಚೇರಿಗಳಲ್ಲಿ ಈ ತೊಂದರೆಗೆ ಇರುವ ಪರಿಹಾರವನ್ನು ಮಾನ್ಯ ಸದಸ್ಯರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕೃಷ್ಣರಾಜಪುರದ ಆಚೆಗಿನ ಬಿದರಹಳ್ಳಿ, ಮಂಡೂರು, ಆವಲಹಳ್ಳಿಯಂತಹ ಊರುಗಳಲ್ಲಿ ನಗರವು ಬಾಗಿಲಿಗೇ ಬಂದು ನಿಂತಿದೆ. ಅಲ್ಲಿ ಇ-ಸ್ವತ್ತು ನಮೂನೆಯಲ್ಲಿನ ಒಂದು ಅಕ್ಷರದ ತಪ್ಪು ಬ್ಯಾಂಕಿನಲ್ಲಿಯೋ ನೋಂದಣಿ ಕಚೇರಿಯಲ್ಲಿಯೋ ಮಾಲೀಕನನ್ನು ತಡೆದು ನಿಲ್ಲಿಸಬಲ್ಲದು. ಕನ್ನಡದಲ್ಲಿ ದ–ಧ, ಪ–ಫ, ಡ–ಢ ಅಕ್ಷರಗಳ ನಡುವಿನ ವ್ಯತ್ಯಾಸವು ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಪರದೆಯಲ್ಲಿ ಆ ಗೀಟು ಮಸುಕಾದರೆ ಧನಂಜಯ ಮತ್ತು ದನಂಜಯ ಒಂದೇ ಆಗಿ ಕಾಣುತ್ತಾರೆ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ಪಠ್ಯಕ್ಕೆ ಸಾಕಾಗುವ ಗಾತ್ರವು ಕನ್ನಡಕ್ಕೆ ಸಾಲದು ಎಂಬುದನ್ನು ಗಣಕಯಂತ್ರ ಸರಬರಾಜು ಮಾಡುವವರು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಪರದೆಯು ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆದದ್ದು. 14 ಇಂಚಿನ ಲ್ಯಾಪ್‌ಟಾಪ್‌ನಲ್ಲಿಯೂ 24 ಇಂಚಿನ ಮಾನಿಟರ್‌ನಲ್ಲಿಯೂ 1920 × 1080 ಚುಕ್ಕೆಗಳೇ ಇರಬಹುದು. ಮೂಲೆಯಿಂದ ಮೂಲೆಗೆ ಲೆಕ್ಕ ಹಾಕಿದರೆ ಸುಮಾರು 2203 ಚುಕ್ಕೆಗಳು. ಅವನ್ನು 14ರಿಂದ ಭಾಗಿಸಿದರೆ ಇಂಚಿಗೆ 157, 24ರಿಂದ ಭಾಗಿಸಿದರೆ 92. 16 ಚುಕ್ಕೆ ಎತ್ತರದ ಸಾಲು ಮೊದಲನೆಯದರಲ್ಲಿ 2.6 ಮಿ.ಮೀ., ಎರಡನೆಯದರಲ್ಲಿ 4.4 ಮಿ.ಮೀ. ಆಗುತ್ತದೆ. ಲ್ಯಾಪ್‌ಟಾಪ್‌ನ ಪ್ರಮಾಣವನ್ನು ಶೇ. 175ಕ್ಕೆ ಏರಿಸಿ ಮಾನಿಟರನ್ನು ಶೇ. 100ರಲ್ಲಿಯೇ ಉಳಿಸಿದರೆ ಎರಡರಲ್ಲಿಯೂ ಅಕ್ಷರದ ಗಾತ್ರ ಹೆಚ್ಚುಕಡಿಮೆ ಸಮನಾಗುತ್ತದೆ.

ಟಿ.ವಿ.ಯ ಲೆಕ್ಕವೇ ಬೇರೆ. ಇಲ್ಲಿ ಅಳತೆಯ ಜೊತೆಗೆ ದೂರವನ್ನೂ ಗಣಿಸಬೇಕು. ಅಷ್ಟೇ ಚುಕ್ಕೆಗಳುಳ್ಳ 43 ಇಂಚಿನ ಟಿ.ವಿ.ಯಲ್ಲಿ ಅದೇ ಸಾಲು 8 ಮಿ.ಮೀ. ಎತ್ತರವಿರುತ್ತದೆ. ಹತ್ತಿರದಿಂದ ನೋಡುವ ಸಿಬ್ಬಂದಿಗೆ ಅದು ದೊಡ್ಡದೆಂದೇ ತೋರುತ್ತದೆ. ಆದರೆ ಮೇಜಿನ ಪರದೆಯು ಕಣ್ಣಿಗೆ 60 ಸೆಂ.ಮೀ. ದೂರದಲ್ಲಿದ್ದು, ಸಭೆಯ ಹಿಂದಿನ ಸಾಲು ಟಿ.ವಿ.ಗೆ 3.6 ಮೀಟರ್ ದೂರದಲ್ಲಿದ್ದರೆ, ಅಂತರ ಆರು ಪಟ್ಟು. ಅಲ್ಲಿ ಕುಳಿತವರಿಗೆ ಆ 8 ಮಿ.ಮೀ. ಅಕ್ಷರವು ಮೇಜಿನ ಮೇಲಿನ 1.3 ಮಿ.ಮೀ. ಅಕ್ಷರಕ್ಕೆ ಸಮ, ಔಷಧದ ಪೊಟ್ಟಣದೊಳಗಿನ ಚೀಟಿಯನ್ನು ಓದಿದಂತೆ. ಟಿ.ವಿ.ಯ ಪ್ರಮಾಣವನ್ನು ಶೇ. 200 ಮಾಡಿ, ಬ್ರೌಸರ್‌ನ ಹಿಗ್ಗಿಸುವಿಕೆಯನ್ನು ಶೇ. 150ಕ್ಕೆ ಇಟ್ಟರೆ ಸಾಲು 24 ಮಿ.ಮೀ. ಆಗುತ್ತದೆ. ಆಗ ಹನ್ನೆರಡು ಕಾಲಮ್‌ಗಳ ಪಟ್ಟಿ ಒಮ್ಮೆಗೆ ಹಿಡಿಸುವುದಿಲ್ಲ, ನಿಜ. ಹೆಸರು, ತಂದೆ ಅಥವಾ ಗಂಡನ ಹೆಸರು, ಗ್ರಾಮ ಇಷ್ಟನ್ನೇ ತೋರಿಸಿ ಪುಟ ಸರಿಸುತ್ತಾ ಹೋಗುವುದು, ಯಾರೂ ಓದಲಾಗದ ಪೂರ್ಣ ಪಟ್ಟಿಗಿಂತ ಉತ್ತಮ.

ಉಬುಂಟು ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ವಿಭಾಗವನ್ನು ತೆರೆದು ಮೊದಲು 'ಮಿರರ್' ಆಯ್ಕೆಯನ್ನು ಬಿಟ್ಟು 'ಜಾಯಿನ್' ಆಯ್ಕೆ ಮಾಡತಕ್ಕದ್ದು. ಮಿರರ್‌ನಲ್ಲಿ ಎರಡೂ ಪರದೆಗಳಿಗೆ ಹೋಗುವುದು ಒಂದೇ ಚಿತ್ರವಾದ್ದರಿಂದ ಪ್ರತ್ಯೇಕ ಪ್ರಮಾಣಕ್ಕೆ ಅವಕಾಶವಿಲ್ಲ. ನಂತರ ಒಂದೊಂದೇ ಪರದೆಯನ್ನು ಆರಿಸಿ ಸ್ಕೇಲ್ ನಿಗದಿಪಡಿಸಬೇಕು. ಶೇ. 125, 150, 175 ಕಾಣದಿದ್ದಲ್ಲಿ 'ಫ್ರ್ಯಾಕ್ಷನಲ್ ಸ್ಕೇಲಿಂಗ್' ಗುಂಡಿಯನ್ನು ಚಾಲೂ ಮಾಡಬೇಕು. ಅಕ್ಷರ ದೊಡ್ಡದಾಗಲೆಂದು ರೆಸಲ್ಯೂಷನ್ ತಗ್ಗಿಸುವ ರೂಢಿಯನ್ನು ಮಾತ್ರ ಕೈಬಿಡತಕ್ಕದ್ದು. ಅದರಿಂದ ಅಕ್ಷರ ಹಿಗ್ಗುತ್ತದೆ, ಗೀಟು ಅಳಿಸಿಹೋಗುತ್ತದೆ.

ಕೆಲವು ಯಂತ್ರಗಳಲ್ಲಿ ಇಷ್ಟು ಮಾಡಿದರೂ ಫಲ ದೊರೆಯದು. ಲಿನಕ್ಸ್‌ನಲ್ಲಿ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್ 11 ರೂಪುಗೊಂಡದ್ದು 1987ರಲ್ಲಿ. ಒಂದೇ ಮೇಜಿನ ಮೇಲಿನ ಭಿನ್ನ ಸಾಂದ್ರತೆಯ ಎರಡು ಪರದೆಗಳಿಗೆ ಬೇರೆ ಬೇರೆ ಪ್ರಮಾಣ ನೀಡುವುದು ಅದರಲ್ಲಿ ಸುಲಭವಲ್ಲ. ಇದಕ್ಕೆ ನಂತರ ತೇಪೆಗಳು ಬಂದಿವೆಯಾದರೂ, 2008ರಲ್ಲಿ ಆರಂಭವಾದ ವೇಲ್ಯಾಂಡ್ ಈ ಕೆಲಸಕ್ಕೆ ಹೆಚ್ಚು ಸೂಕ್ತ. ಲಾಗಿನ್ ಪುಟದ ಮೂಲೆಯಲ್ಲಿರುವ ಹಲ್ಲಿನ ಚಕ್ರದ ಗುರುತನ್ನು ಒತ್ತಿದಾಗ 'ಉಬುಂಟು' ಮತ್ತು 'ಉಬುಂಟು ಆನ್ ಎಕ್ಸ್‌ಆರ್ಗ್' ಎಂಬ ಎರಡು ಆಯ್ಕೆಗಳಿದ್ದರೆ ಮೊದಲನೆಯದನ್ನು ಆರಿಸಬೇಕು.

ವೇಲ್ಯಾಂಡ್‌ನಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಎಕ್ಸ್ 11ಕ್ಕಾಗಿ ಬರೆದ ಹಳೆಯ ತಂತ್ರಾಂಶಗಳು ಶೇ. 125ರಂತಹ ಭಿನ್ನ ಪ್ರಮಾಣದಲ್ಲಿ ಮಸುಕಾಗಿ ಕಾಣಬಹುದು, ಏಕೆಂದರೆ ಸಣ್ಣದಾಗಿ ಬಿಡಿಸಿದ ಚಿತ್ರವನ್ನೇ ವ್ಯವಸ್ಥೆಯು ಹಿಗ್ಗಿಸಿರುತ್ತದೆ. ಫೈರ್‌ಫಾಕ್ಸ್ ಬ್ರೌಸರ್ 2023ರ ಡಿಸೆಂಬರ್‌ನಲ್ಲಿ ಬಂದ 121ನೇ ಆವೃತ್ತಿಯಿಂದ ತಾನಾಗಿಯೇ ವೇಲ್ಯಾಂಡ್ ಬಳಸುತ್ತದೆ. ಅದಕ್ಕೂ ಹಳೆಯದಿದ್ದರೆ ನವೀಕರಿಸುವುದು ಮೇಲು.

ಹೊಂದಾಣಿಕೆ ಸರಿಯಾಗಿದೆಯೇ ಎಂದು ತಿಳಿಯಲು ಸದಸ್ಯರಿಗೆ ತಾಂತ್ರಿಕ ಜ್ಞಾನ ಬೇಕಿಲ್ಲ. ಸಭೆ ಆರಂಭವಾಗುವ ಮುನ್ನ ಭದ್ರಯ್ಯ–ಬದ್ರಯ್ಯ, ಧನಲಕ್ಷ್ಮಿ–ದನಲಕ್ಷ್ಮಿ ಎಂಬಂತಹ ಜೋಡಿ ಹೆಸರುಗಳನ್ನು ಒಂದು ಕಡತದಲ್ಲಿ ಹಿಂದುಮುಂದಾಗಿ ಬರೆಯಿಸಿ, ಆ ಕಿಟಕಿಯನ್ನು ಮೇಜಿನ ಪರದೆಯಿಂದ ಟಿ.ವಿ.ಗೆ ಎಳೆಯಿಸಬೇಕು. ಹಿಂದಿನ ಸಾಲಿನಲ್ಲಿರುವ ಹಿರಿಯ ಸದಸ್ಯರೊಬ್ಬರು ಅವನ್ನು ಗಟ್ಟಿಯಾಗಿ ಓದಲಿ. ಅವರು ತಡವರಿಸಿದಲ್ಲಿ ಪ್ರಮಾಣವನ್ನು ಇನ್ನೊಂದು ಹಂತ ಏರಿಸುವುದು. ಏರಿಸಲು ಹಂತ ಉಳಿದಿಲ್ಲವಾದರೆ ಕುರ್ಚಿಗಳನ್ನೇ ಮುಂದಕ್ಕೆ ಹಾಕಿಸುವುದು.